ಹೊಲಿಗೆ ಟೀಚರ್ ಅರ್ಥ ಹೇಳಲು ಕೂತರೆ

ತುಟಿಯ ಎಡತುದಿಯಲ್ಲಿ ಯಾವಾಗಲೂ ಎರಡು ಗುಂಡುಪಿನ್ನು. ಅವನ್ನು ಕಚ್ಚಿಕೊಂಡೇ ನಮ್ಮ ಹೊಲಿಗೆ ಟೀಚರ್ ಬಯ್ಯುತ್ತಿದ್ದರು, ನಗುತ್ತಿದ್ದರು, ಸೊಟ್ಟಗೆ ಹೊಲಿದದ್ದನ್ನು ಬಿಚ್ಚಿಸಿ ಮತ್ತೆ ಹೊಲಿಸುತ್ತಿದ್ದರು. ಪಿನ್ನು ಬಿದ್ದದ್ದನ್ನು ನಾನು ಕಂಡಿಲ್ಲ. ತಾಳಮದ್ದಳೆಗೆ ಕೂತಾಗ ಮಾತ್ರ ಅವನ್ನು ತೆಗೆದು ಸೆರಗಿಗೆ ಚುಚ್ಚಿಕೊಳ್ಳುವರು. ಅಷ್ಟು ಕಂಡರೆ ಸಾಕು, ಎದುರಿಗೆ ಕೂತವರು ನೀರಿನ ಲೋಟಕ್ಕೆ ಕೈಹಾಕುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಸಾಗರದಲ್ಲಿ ಅವರ ಹೊಲಿಗೆ ತರಗತಿಗೆ ಬರುತ್ತಿದ್ದ ನಾವು ಕೆಲವರು ಹೆಂಗಸರೇ ಸೇರಿ ತಾಳಮದ್ದಳೆಯ ತಂಡ ಕಟ್ಟಿಕೊಂಡಿದ್ದೆವು. ಕಟ್ಟಿಕೊಂಡಿದ್ದೆವು ಎನ್ನುವುದು ಜಂಬ; ಟೀಚರ್ ಕಟ್ಟಿದರು, ನಾವು ಕೂತೆವು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ನಾವು ಪಾತ್ರವಾಗಿ ಸ್ಥಳದಲ್ಲೇ ಮಾತು ಹುಟ್ಟಿಸಿ ವಾದಿಸಬೇಕು. ಅದಕ್ಕೇ ಅರ್ಥ ಹೇಳುವುದು ಎನ್ನುತ್ತಾರೆ, ಹೇಳುವವರು ಅರ್ಥಧಾರಿಗಳು. ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಮಾತು ಯಾರಿಗೂ ಗೊತ್ತಿರುವುದಿಲ್ಲ, ಆಡುವವರಿಗೂ.

ಟೀಚರಿಗೆ ಪ್ರಾಣವೆಂದರೆ ಸಂಧಾನದ ಪ್ರಸಂಗ. ಪಾಲು ಕೇಳಲು ಬರುವ ದೂತ, ಕೊಡುವುದಿಲ್ಲ ಎನ್ನುವ ರಾಜ. ಅದನ್ನೇ ಹುಂಚದಲ್ಲಿ ಆಡಿಸಿದರು, ಕೆಳದಿಯಲ್ಲಿ ಆಡಿಸಿದರು, ತೀರ್ಥಹಳ್ಳಿಯಲ್ಲೂ ಆಡಿಸಿದರು. ನನಗೆ ರೇಗಿಹೋಯಿತು. "ಅದನ್ನೇ ಎಷ್ಟು ಸಲ ಟೀಚರ್? ಕೊನೆಗೆ ಯುದ್ಧ ಅಂತ ಊರಿಗೆಲ್ಲ ಗೊತ್ತು," ಎಂದೆ.

"ಗೊತ್ತಿದ್ರೂ ಜನ ಯಾಕ್ ಬರ್ತಾರೆ ಹೇಳು? ಪ್ರಸಂಗ ಅದೇ ಮಾರಾಯ್ತಿ, ಕೂತೋರು ಬೇರೆ. ಈ ಸಲ ನೀನು ಆ ಕಡೆ ಕೂತ್ಕೋ. ನಿನ್ನೆ ನೀನೇ ಹೇಳಿದ್ದಕ್ಕೆ ಇವತ್ತು ನೀನೇ ಉತ್ತರ ಹುಡುಕು."

ಹೀಗೆ ನಮ್ಮೆಲ್ಲರನ್ನೂ ಎರಡೂ ಕಡೆ ಕೂರಿಸಿ ಪಳಗಿಸಿದರು. ಎಲ್ಲರಿಗಿಂತ ಚೆನ್ನಾಗಿ ಪಳಗಿದವಳು ಅಕ್ಕಿ ಗಿರಣಿಯಲ್ಲಿ ಭತ್ತ ಬೇಯಿಸಿ ಒಣಗಿಸುವ ಕೆಲಸಕ್ಕೆ ಹೋಗುತ್ತಿದ್ದ ಒಬ್ಬಳು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಎರಡು ಮಕ್ಕಳನ್ನು ಸಾಕುತ್ತಿದ್ದಳು. ನಾವೆಲ್ಲ ಅವಳನ್ನು ಗಿರಣಿ ಅಕ್ಕ ಎನ್ನುತ್ತಿದ್ದೆವು. ಓದು ಹೆಚ್ಚಿಲ್ಲ, ಆದರೆ ಅವಳ ದನಿಗೆ ಸಭೆ ಕಿವಿ ನೆಟ್ಟಗೆ ಮಾಡುತ್ತಿತ್ತು.

ಸಾಗರದಲ್ಲಿ ಪ್ರತಿ ವರ್ಷ ದೊಡ್ಡ ಕೂಟ ಮಾಡಿಸುತ್ತಿದ್ದವರು ಒಂದು ಜವಳಿ ಅಂಗಡಿಯ ಯಜಮಾನರು. ಸ್ವತಃ ಒಳ್ಳೆಯ ಅರ್ಥಧಾರಿ. ನಮ್ಮನ್ನು ಕರೆದು ವೇದಿಕೆ ಕೊಟ್ಟ ಮೊದಲ ದೊಡ್ಡ ಮನುಷ್ಯ ಅವರೇ, ಅದನ್ನು ಮರೆಯಬಾರದು. ಆದರೆ ಕೂಟ ಮುಗಿದ ಮೇಲೆ ಗಂಡಸರ ತಂಡಕ್ಕೆ ಸಂಭಾವನೆಯ ಕವರು. ನಮಗೆ ಹಾಡಿದ ಭಾಗವತರಿಗೂ, ಮದ್ದಳೆ ಬಾರಿಸಿದವರಿಗೂ ಕವರು. ನಮಗೆ ಅರಿಶಿನ ಕುಂಕುಮ, ತೆಂಗಿನಕಾಯಿ, ಅವರದೇ ಅಂಗಡಿಯ ಒಂದು ರವಿಕೆ ಕಣ. ಅರಿಶಿನ ಕುಂಕುಮ ಬೇಡ ಎನ್ನಲು ಯಾವ ಮುತ್ತೈದೆಗೆ ಬಾಯಿ ಬರುತ್ತದೆ? ಅಲ್ಲಿಗೆ ಮಾತು ಮುಗಿಯಿತು. ತಟ್ಟೆ ಹಿಡಿದ ಹೆಂಗಸು ಸಾಲಿನಲ್ಲಿ ಬಂದವಳು ಗಿರಣಿ ಅಕ್ಕನನ್ನು ದಾಟಿ ನನ್ನ ಮುಂದೆ ನಿಂತಳು. ವಿಧವೆಗೆ ಕುಂಕುಮ ಕೊಡುವ ಹಾಗಿಲ್ಲವಲ್ಲ. ಆ ದಿನ ಎಲ್ಲರಿಗಿಂತ ಚೆನ್ನಾಗಿ ಮಾತಾಡಿದ್ದವಳು ಬರಿಗೈಯಲ್ಲಿ ಕೂತಿದ್ದಳು.

ಟೀಚರ ಮುಖ ಕೆಂಪಾಯಿತು. ಸೀದಾ ಯಜಮಾನರ ಹತ್ತಿರ ಹೋದರು.

"ನಮಗೂ ಸಂಭಾವನೆ ಕೊಡ್ಬೇಕು. ಗಂಡಸ್ರಿಗೆಷ್ಟೋ ಅಷ್ಟು."

ಯಜಮಾನರು ಕೆಟ್ಟವರಲ್ಲ, ನಕ್ಕರು. "ಎಂತ ಟೀಚರೇ, ನೀವು ಸಂತೋಷಕ್ಕೆ ಮಾತಾಡೋರು. ಅವ್ರು ಸಂಸಾರ ಸಾಕ್ಬೇಕು. ಮನೆ ಹೆಂಗಸ್ರ ಕೈಗೆ ದುಡ್ಡು ಕೊಟ್ರೆ ಮರ್ಯಾದೆ ಅಲ್ಲ. ಕಣ ಕೊಡೂದೇ ಮರ್ಯಾದೆ."

ಟೀಚರ್ ಜಗಳಕ್ಕೆ ನಿಲ್ಲಲಿಲ್ಲ. "ಆಯ್ತು. ಮುಂದಿನ ವರ್ಷ ಸಂಧಾನದ ಪ್ರಸಂಗಾನೇ ಇಡಿ. ನಿಮ್ಮ ಎದುರು ನಾನು ಕೂರ್ತೀನಿ. ಆಗ ನಾನು ರಾಜ, ನೀವು ದೂತ," ಎಂದರು. ಯಜಮಾನರು ಖುಷಿಯಿಂದ ಒಪ್ಪಿದರು. ಯಾವಾಗಲೂ ರಾಜನ ಪಾತ್ರವನ್ನೇ ಹೇಳುತ್ತಿದ್ದ ಅವರಿಗೂ ಬದಲಾವಣೆ ಬೇಕಿತ್ತೇನೋ.

ಮರುವರ್ಷದ ಆ ಮಧ್ಯಾಹ್ನ ಸಭೆ ಕಿಕ್ಕಿರಿದಿತ್ತು. ಯಜಮಾನರು ಗಂಭೀರವಾಗಿ ಪಾಲು ಕೇಳಿದರು. ಟೀಚರ್ ಪಿನ್ನು ತೆಗೆದು ಸೆರಗಿಗೆ ಚುಚ್ಚಿಕೊಂಡರು.

"ಎಲೈ ದೂತನೇ, ನಿನ್ನವರಿಗೆ ಪಾಲೇಕೆ? ಅವರು ಸಂತೋಷಕ್ಕೆ ಆಳುವವರು, ಸಂಸಾರ ಸಾಕಬೇಕಾದವನು ನಾನು. ಅವರ ಕೈಗೆ ರಾಜ್ಯ ಕೊಟ್ಟರೆ ಅವರಿಗೇ ಮರ್ಯಾದೆಯಲ್ಲ. ಒಂದು ತೆಂಗಿನಕಾಯಿ, ಒಂದು ಕಣ ಕೊಡುತ್ತೇನೆ, ಒಯ್ದು ಕೊಡು."

ಹೆಂಗಸರ ಕಡೆಯಿಂದ ನಗು ಎದ್ದಿತು. ಯಜಮಾನರಿಗೆ ತಕ್ಷಣ ಅರ್ಥವಾಯಿತು. ಆದರೆ ಮಾಡುವುದೇನು? ಅರ್ಥಧಾರಿಯಾದವನು ತನ್ನ ಪಾತ್ರಕ್ಕೆ ದ್ರೋಹ ಮಾಡುವ ಹಾಗಿಲ್ಲ. ಬೇಕೆಂದೇ ಸೋತರೆ ಊರು ಉಗಿಯುತ್ತದೆ. ಅವರು ಮೈಮೇಲೆ ಬಂದವರಂತೆ ವಾದಿಸಿದರು. "ಹಕ್ಕನ್ನು ಉಡುಗೊರೆಯೆಂದು ಕೊಡುವುದು ರಾಜಧರ್ಮವಲ್ಲ! ಮರ್ಯಾದೆಯ ಹೆಸರಿನಲ್ಲಿ ಪಾಲು ಕಸಿಯುವುದು ಕಳ್ಳತನ!" ನಾನು ಕೇಳಿದ ಅವರ ಅರ್ಥಗಳಲ್ಲೆಲ್ಲ ಅದೇ ಶ್ರೇಷ್ಠ.

ಈಗ ಟೀಚರ ಸರದಿ. ಕಥೆಯ ಪ್ರಕಾರ ರಾಜ ಒಪ್ಪುವಂತಿಲ್ಲ.

"ದೂತನೇ, ನಿನ್ನ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಆದರೂ ಕೊಡೆನು. ಉತ್ತರವಿಲ್ಲದೆಯೂ ಕೊಡದವನ ಗತಿ ಏನಾಯಿತೆಂದು ಈ ಸಭೆಗೆ ಗೊತ್ತಿದೆ."

ಚಪ್ಪಾಳೆ ನಿಲ್ಲಲೇ ಇಲ್ಲ. ಕೂಟ ಮುಗಿದ ಮೇಲೆ ಯಜಮಾನರು ತಟ್ಟೆ ತರಿಸಲಿಲ್ಲ. ತಾವೇ ಕವರು ಹಿಡಿದು ಬಂದು ಮೊದಲನೆಯದನ್ನು ಗಿರಣಿ ಅಕ್ಕನ ಕೈಗೆ ಕೊಟ್ಟರು. "ನನ್ನ ಬಾಯಿಂದಾನೇ ಹೇಳ್ಸಿಬಿಟ್ರಲ್ಲ ಟೀಚರೇ," ಎಂದು ಬೆವರು ಒರೆಸಿಕೊಂಡರು. ಗಂಡಸರಿಗೆ ಕೊಟ್ಟಷ್ಟೇ ನಮಗೂ ಇತ್ತು. ನಾನು ಆ ದಿನ ಸಾಗರದ ಪೇಟೆಬೀದಿಯಲ್ಲಿ ಎದೆ ಸೆಟೆಸಿ ನಡೆದೆ. ಇವರು ನಮ್ಮ ಟೀಚರ್ ಎಂದು ಕಂಡಕಂಡವರಿಗೆ ಹೇಳಬೇಕೆನಿಸಿತ್ತು, ಹೇಳಿದೆ ಕೂಡ.

ಕೆಲವು ವರ್ಷಗಳ ಮೇಲೆ ಟೀಚರಿಗೆ ಗಂಟಲಿನ ಕಾಯಿಲೆ ಬಂತು. ದನಿ ಪಿಸುಮಾತಿಗೆ ಇಳಿಯಿತು. ನೋಡಲು ಹೋದ ದಿನ ಗಿರಣಿ ಅಕ್ಕನೂ ಅಲ್ಲಿದ್ದಳು. ಏನೋ ಹೇಳಲು ಹಿಂದೆಮುಂದೆ ನೋಡುತ್ತಿದ್ದಳು.

"ಗಿರಣೀಲಿ ಗಂಡಾಳಿಗೆ ಕೊಡೂದ್ರಲ್ಲಿ ನಮಗೆ ಅರ್ಧ ಟೀಚರೇ. ಬಿಸಿಲಲ್ಲಿ ನಿಲ್ಲೂದು ಇಬ್ರೂ ಒಂದೇ. ಕೇಳಾಣ ಅಂದ್ರೆ ಸಾಹುಕಾರ್ರ ಮುಂದೆ ನಾಲಿಗೇನೇ ಏಳಲ್ಲ."

ಟೀಚರ್ ಗೋಡೆಗೆ ಒರಗಿ ಎದ್ದು ಕೂತರು. "ನಾನು ಗಿರಣಿ ಸಾಹುಕಾರ. ನೀನು ನೀನೇ. ಕೇಳು."

ಮೊದಲ ಸಲ ಅವಳು ಎರಡು ಮಾತಿಗೇ ಅತ್ತುಬಿಟ್ಟಳು. "ಇನ್ನೊಂದ್ಸಲ," ಎಂದರು ಟೀಚರ್. ಆ ದಿನ, ಮರುದಿನ, ಅದರ ಮರುವಾರ. ಒಮ್ಮೆ ಸಿಡುಕಿನ ಸಾಹುಕಾರ, ಒಮ್ಮೆ ನಯವಂಚಕ ಸಾಹುಕಾರ, ಇನ್ನೊಮ್ಮೆ "ನಾಳೆಯಿಂದ ಬರ್ಬೇಡ" ಎನ್ನುವ ಸಾಹುಕಾರ. ಆ ಪಿಸುದನಿಯ ಸಾಹುಕಾರನಿಗೆ ನಾನೇ ಹೆದರಿದ್ದೇನೆ. ಕೊನೆಕೊನೆಗೆ ಗಿರಣಿ ಅಕ್ಕನ ಮಾತಿಗೆ ಟೀಚರ್ ತಡವರಿಸತೊಡಗಿದರು. ಸೋತ ದಿನ ಅವರ ಮುಖ ನೋಡಬೇಕಿತ್ತು, ಕೂಟ ಗೆದ್ದವರ ಹಾಗೆ ಬೆಳಗುತ್ತಿತ್ತು.

ಸ್ವಲ್ಪ ದಿನಕ್ಕೆ ತೀರಿಕೊಂಡರು. ನನಗೆ ಬಾಯಿ ಕೊಟ್ಟವರು ಅವರು. ಆ ಋಣ ತೀರುವಂಥದ್ದಲ್ಲ.

ಹದಿಮೂರನೆಯ ದಿನದ ಕಾರ್ಯ ಮುಗಿದ ಮರುದಿನ ಗಿರಣಿ ಅಕ್ಕ ಜೊತೆ ಕೆಲಸದ ಹೆಂಗಸರನ್ನು ಬೆನ್ನಿಗೆ ಕಟ್ಟಿಕೊಂಡು ಸಾಹುಕಾರರ ಮುಂದೆ ನಿಂತಳಂತೆ. ಅವರು ಸಿಡುಕಿದರು, ನಯವಾಗಿ ನಕ್ಕರು, ನಾಳೆಯಿಂದ ಬರಬೇಡ ಎಂದೂ ಹೇಳಿದರು. ಇವಳು ಒಂದಕ್ಕೂ ಜಗ್ಗಲಿಲ್ಲ. ಕೊನೆಗೆ ಸಾಹುಕಾರರು ಒಪ್ಪಿ, "ಇಷ್ಟು ಮಾತು ಯಾರ ಹತ್ರ ಕಲ್ತೆ ನೀನು?" ಎಂದು ಕೇಳಿದರಂತೆ.

"ನಿಮ್ಮ ಹತ್ರಾನೇ ಸಾಹುಕಾರ್ರೇ," ಎಂದಳಂತೆ ಅವಳು. "ನಮ್ ಟೀಚರ್ ಮನೇಲಿ ನೀವು ಸುಮಾರು ಸಲ ಸೋತಿದ್ದೀರಿ."