ಎಡಬದಿಯ ಸ್ಟೀಲ್ ಪಟ್ಟಿ

ವೇಗ ನಲವತ್ತು ದಾಟಿದ ಕೂಡಲೇ ನನ್ನ ಕಾರಿನ ಎಡಬದಿಯ ಹಿಂದಿನ ಬಾಗಿಲಿನಿಂದ ಒಂದು ಸದ್ದು ಹೊರಡುತ್ತಿತ್ತು. ತಟತಟ, ತಟತಟ ಎಂದು, ಯಾರೋ ಹೊರಗಿನಿಂದ ಉಗುರಲ್ಲಿ ಬಡಿದು ಒಳಗೆ ಬರಲೇ ಎಂದು ಕೇಳುವ ಹಾಗೆ. ನಿಲ್ಲಿಸಿ ಇಳಿದರೆ ಏನೂ ಇಲ್ಲ. ಹೊರಟರೆ ಮತ್ತೆ ಅದೇ. ಹದಿನೈದು ದಿನ ಕೇಳಿಸಿಕೊಂಡೆ. ನೀವಾಗಿದ್ದರೆ ಎರಡನೇ ದಿನವೇ ಗ್ಯಾರೇಜಿಗೆ ಹೋಗುತ್ತಿದ್ದಿರಿ. ನಾನು ಓದಿದವನು, ಮೊದಲು ಯೋಚಿಸುತ್ತೇನೆ.

ಕಾರು ಅಪ್ಪನ ಕಾಲದ ಅಂಬಾಸಿಡರ್. ಕೆನೆ ಬಣ್ಣದ್ದು. ಅಪ್ಪ ಹೋದಮೇಲೆ ಚಳ್ಳಕೆರೆಯ ನಮ್ಮ ಕಡಲೆಕಾಯಿ ಗೋದಾಮಿನ ಮೂಲೆಯಲ್ಲಿ ಮೈತುಂಬ ಹೊಟ್ಟು ಹೊದ್ದು ಮಲಗಿತ್ತು. ನಾಲ್ಕು ಕಾಲೇಜುಗಳಲ್ಲಿ ಇತಿಹಾಸ ಕಲಿಸಿ, ನಾಲ್ಕನ್ನೂ ಬಿಟ್ಟು ಊರಿಗೆ ಬಂದ ನಾನು ಅದನ್ನು ಎಬ್ಬಿಸಿ ಓಡಾಡಲು ಶುರು ಮಾಡಿದೆ. ಅದರ ಎರಡೂ ಬದಿಗೆ, ಮುಂದಿನ ದೀಪದ ಹಿಂದಿನಿಂದ ಬಾಲದವರೆಗೆ, ಹೆಬ್ಬೆರಳಿನಗಲದ ಸ್ಟೀಲ್ ಪಟ್ಟಿ ಓಡುತ್ತದೆ. ಬೀಡಿಂಗ್ ಅನ್ನುತ್ತಾರೆ. ಕಾರಿಗೆ ಅದರಿಂದ ಉಪಯೋಗವೇನೂ ಇಲ್ಲ. ಪಂಚೆಗೆ ಅಂಚು ಇದ್ದ ಹಾಗೆ. ಹಿಂದಿನ ಬಾಗಿಲಿನ ಮೇಲಿದ್ದ ತುಂಡು ಸಡಿಲವಾಗಿ ಗಾಳಿಗೆ ಬಡಿಯುತ್ತಿತ್ತು ಎಂಬುದು ಹದಿನಾರನೇ ದಿನ ನನಗೆ ಹೊಳೆಯಿತು.

ಆ ಪಟ್ಟಿಯ ಮೇಲೆ ಕೈ ಇಟ್ಟೆ. ಬಿಸಿಲಿಗೆ ಸುಡುತ್ತಿತ್ತು. ಈಗ ನಿಮಗೆ ಒಂದು ಹಳೆಯ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದೆಲ್ಲ ಬರೀ ಗ್ಯಾರೇಜಿನ ಮಾತಾಗುತ್ತದೆ.

ಅವ್ವ ತೀರಿಕೊಂಡಾಗ ನನಗೆ ನಾಲ್ಕು ತುಂಬಿರಲಿಲ್ಲ. ಅವಳದೆಂದು ನನ್ನ ಬಳಿ ಇದ್ದದ್ದು ಒಂದೇ ನೆನಪು. ನಾನೊಂದು ನೀಲಿ ಕಾರಿಗೆ ಒತ್ತಿಕೊಂಡು ನಿಂತಿದ್ದೇನೆ. ನನ್ನ ಎದೆಯ ಎತ್ತರಕ್ಕೆ ಹೊಳೆಯುವ ಗೆರೆ, ಮುಟ್ಟಿದರೆ ಬಿಸಿ. ಬಾಗಿಲು ಅರ್ಧ ತೆರೆದಿದೆ. ಒಳಗಿನಿಂದ ಹಸಿರು ಬಳೆಯ ಒಂದು ಕೈ ಹೊರಬಂದು ನನ್ನ ಮಣಿಕಟ್ಟು ಹಿಡಿಯುತ್ತದೆ. ಒಂದು ದನಿ ಹೇಳುತ್ತದೆ: "ಎಳೀಬ್ಯಾಡ ಮಗಾ, ಎಲ್ಲಾ ಬಿಚ್ಕೊಂಡು ಬರ್ತೈತೆ."

ಅಷ್ಟೇ. ಮುಖವಿಲ್ಲ. ನಾನು ಏನನ್ನು ಎಳೆಯುತ್ತಿದ್ದೆ ಎಂಬುದೂ ಇಲ್ಲ.

ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದಾಗ ರಜೆಗೆ ಬಂದವನು ಇದನ್ನು ಅಕ್ಕನ ಮುಂದೆ ಹೇಳಿದೆ. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಆಗಲೇ ಮದುವೆಯಾಗಿ ನಾಯಕನಹಟ್ಟಿಯಲ್ಲಿದ್ದಳು. ಅವಳು ಕಡಲೆಕಾಯಿ ಸುಲಿಯುತ್ತಿದ್ದ ಕೈ ನಿಲ್ಲಿಸಲೂ ಇಲ್ಲ.

"ಕಾರು ಬಂದಿದ್ದು ದೀಪಾವಳಿಗೆ. ಅವ್ವ ಹೋಗಿ ಎರಡು ತಿಂಗ್ಳಾಗಿತ್ತು. ನಾನು ದುರ್ಗದ ಹಾಸ್ಟೆಲಿನಿಂದ ಮಣ್ಣಿಗೆ ಬಂದಾಗ ಮನೆ ಮುಂದೆ ಕಾರೂ ಇರ್ಲಿಲ್ಲ, ಗೀರೂ ಇರ್ಲಿಲ್ಲ. ಮತ್ತೆ ನೀಲಿ ಎಲ್ಲೈತೋ ಅದ್ರಾಗೆ? ಹುಟ್ದಾಗಿಂದ ಕೆನೆ ಬಣ್ಣವೇ ಅದು."

"ಬಳೆ?"

"ಅವು ನನ್ನ ಬಳೆ ಇರ್ಬೇಕು. ನಿನ್ನ ಎತ್ಕೊಂಡು ತಿರುಗಿದ್ದು ನಾನೇ ಅಲ್ಲೇನೋ."

ಒಬ್ಬನೇ ಸಾಕ್ಷಿ ಹೇಳಿದ್ದು ಬರೀ ಸುದ್ದಿ ಎಂದು ನಮಗೆ ಕಲಿಸಿದ್ದರು. ಇಲ್ಲಿ ಇದ್ದ ಒಬ್ಬ ಸಾಕ್ಷಿಯೂ ನಾಲ್ಕು ವರ್ಷದವನು, ಕಾರಿನ ಬಣ್ಣವನ್ನೇ ತಪ್ಪು ಹೇಳುವವನು. ನಾನು ಕಲಿತ ವಿದ್ಯೆಗೆ ಮರ್ಯಾದೆ ಕೊಟ್ಟೆ. ಆ ನೆನಪನ್ನು ಸುಳ್ಳೆಂದು ಬರೆದು ಮಡಚಿಟ್ಟೆ. ಆದರೆ ಸುಳ್ಳೆಂದು ಗೊತ್ತಾದದ್ದನ್ನು ನೋಡಲು ಹೋಗಬಾರದು ಎಂದು ಯಾವ ವಿಶ್ವವಿದ್ಯಾಲಯವೂ ಕಲಿಸುವುದಿಲ್ಲ. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿದಾಗ, ಜ್ವರ ಬಂದಾಗ, ಆ ಕೈಯ ಹತ್ತಿರ ಹೋಗಿ ನಿಂತು ಬರುತ್ತಿದ್ದೆ. ಇಪ್ಪತ್ತೆಂಟು ವರ್ಷ ಹಾಗೇ ನಡೆಯಿತು.

ಇನ್ನು ಪಟ್ಟಿಗೆ ಬರೋಣ. ಮೊಬೈಲಿನಲ್ಲಿ ಮೂರು ವಿಡಿಯೊ ನೋಡಿ, ಸ್ಕ್ರೂಡ್ರೈವರ್ ಹಿಡಿದು ನಾನೇ ಕೂತೆ. ಪಟ್ಟಿಯ ಅಡಿಗೆ ತುದಿ ತೂರಿಸಿ ಮೀಟಿದೆ. ಪಟ್ಟಿ ಬರಲಿಲ್ಲ. ನಡುವಿನಲ್ಲಿ ಕುರಿಯ ಬೆನ್ನಿನಂತೆ ಉಬ್ಬಿಕೊಂಡಿತು. ಬಾಗಿಲಿನ ಬಣ್ಣ ಗೇಣುದ್ದ ಕಿತ್ತುಬಂತು. ಕಿತ್ತ ಜಾಗದಲ್ಲಿ ನೀಲಿ ಕಾಣುತ್ತದೇನೋ ಎಂದು ಬಗ್ಗಿ ನೋಡಿದೆ ಎಂದರೆ ನೀವು ನಗಬೇಡಿ. ಕಾಣಲಿಲ್ಲ.

ಬಳ್ಳಾರಿ ರಸ್ತೆಯಲ್ಲಿ ಟಿಂಕರಿಂಗ್ ಕೆಲಸದ ಓಬಳೇಶಣ್ಣ ಇದ್ದಾರೆ. ಎಪ್ಪತ್ತರ ಹತ್ತಿರದ ವಯಸ್ಸು. ಆಂಧ್ರದ ಗಡಿಯ ಹಳ್ಳಿಯವರು. ಅವರು ಕಾರಿನ ಸುತ್ತ ಒಂದು ಸುತ್ತು ಬಂದು, ಉಬ್ಬಿದ ಪಟ್ಟಿಯ ಮುಂದೆ ನಿಂತು, ನನ್ನನ್ನು ನೋಡಿದರು.

"ಯಾರು ಮುಟ್ಟಿದ್ದು ಇದನ್ನ?"

"ನಾನೇ."

"ಅನ್ಕೊಂಡೆ. ಓದಿದೋರ ಗಾಯ ಬ್ಯಾರೆ ಥರ ಇರ್ತೈತೆ ಮೇಷ್ಟ್ರೇ, ನೋಡಿದ ಕೂಡ್ಲೇ ಗೊತ್ತಾಗ್ತೈತೆ."

ಅವರ ಕೆಲಸ ನೋಡಬೇಕು. ಮೊದಲು ಪಟ್ಟಿಯುದ್ದಕ್ಕೂ ಬಿಸಿನೀರು ಸುರಿದರು. ಬೆರಳುದ್ದದ ಬಿದಿರ ಚಕ್ಕೆಯನ್ನು ಅಂಚಿಗೆ ಇಟ್ಟು, ಅಂಗೈಯಲ್ಲಿ ಒತ್ತಿ, ಒಳಗಿನ ಕ್ಲಿಪ್ಪು ಟಕ್ಕೆಂದು ಬಿಡುವ ತನಕ ಕಾದು, ಮುಂದಿನದಕ್ಕೆ ಸರಿದರು. ನಾನು ಪಕ್ಕದಲ್ಲಿ ಚಡಪಡಿಸುತ್ತಿದ್ದೆ. "ತೊಂದರ ಲೇದು, ತೊಂದರ ಲೇದು" ಎಂದರು. ಅವಸರವಿಲ್ಲ ಎಂದರ್ಥ. ಎದುರಿಗಿದ್ದವರಿಗೆ ಅವಸರವಾದಾಗ ಅವರಿಗೆ ತೆಲುಗು ಬರುತ್ತದೆ. "ಕಬ್ಬಿಣ ಆದ್ರೂ ಬೆದರ್ತೈತ್ರೀ. ಸಮಾಧಾನ ಮಾಡಿ ಕರೀಬೇಕು."

ಏಳು ಕ್ಲಿಪ್ಪು. ಏಳನೆಯದು ಬಿಟ್ಟಾಗ ಪಟ್ಟಿ ಅವರ ಕೈಗೆ ಬಂತು. ಅದರ ಹಿಂದಿದ್ದ ಬಣ್ಣ ಬಿಸಿಲು ಕಾಣದ, ಹೊಸ ಬೆಣ್ಣೆಯಂಥ ಕೆನೆ. ಅಕ್ಕ ಹೇಳಿದ್ದೇ ಸರಿ. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಆದರೆ ಓಬಳೇಶಣ್ಣ ಪಟ್ಟಿಯನ್ನು ಮಗುಚಿ, ಅದರ ಒಳಗಿನ ಹಳ್ಳದಿಂದ ಏನನ್ನೋ ಉಗುರಿನಲ್ಲಿ ಎತ್ತಿ, ಬೆಳಕಿಗೆ ಹಿಡಿದಿದ್ದರು. ಜಿಡ್ಡುಗಟ್ಟಿದ, ಬೆರಳಿನಂತೆ ಹೊಸೆದ ನೂಲು. ಹಳೆಯ ಜೇನುಮೇಣದ ವಾಸನೆ ಬಂತು.

"ನಮ್ಮೂರ ಕೈ ಅಲ್ಲ ಇದು," ಎಂದರು.

"ಅಂದ್ರೆ?"

"ಬೀಡಿಂಗ್ ಬಡೀಬಾರ್ದು ಅಂತ ಹಿಂದೆ ಮೆತ್ತೆ ಕೊಡ್ತಾರೆ. ಕಂಪನಿ ರಬ್ಬರು ಕೊಟ್ಟಿರ್ತೈತೆ, ನಾಕು ಬ್ಯಾಸಿಗಿಗೆ ಪುಡಿ. ಆಮೇಲೆ ಊರಿಗೊಂದು ಪದ್ಧತಿ. ಚಳ್ಳಕೆರಿಯಾಗೆ ನಾವು ಕಂಬಳಿ ಚೂರು ಕತ್ರಿಸಿ ಹಾಕ್ತಿದ್ವಿ, ಇಲ್ಲಿ ಕಂಬಳಿಗೇನು ಬರ. ಇದು ರೇಷ್ಮೆ. ಸೀರೆ ಇಳಿಸಿದ ಮ್ಯಾಲೆ ಮಗ್ಗದಾಗೆ ಉಳಿಯೋ ತುದಿ. ಮೇಣ ಸವ್ರಿ ಹೊಸೀತಾರೆ. ಮೊಳಕಾಲ್ಮೂರಾಗೆ ಬಿಟ್ರೆ ಇನ್ನೆಲ್ಲೂ ಇದನ್ನ ಹಾಕಲ್ಲ. ನಿಮ್ಮಪ್ಪಾರು ಅಲ್ಲಿಗೆ ಹೋಗ್ತಿದ್ರಾ?"

ನಾನು ಪಕ್ಕದ ಟೈರಿನ ಮೇಲೆ ಕೂತೆ.

ಮೊಳಕಾಲ್ಮೂರು ಅವ್ವನ ತವರು. ನಮ್ಮೂರಿನಿಂದ ಒಂದು ತಾಸಿನ ದಾರಿ. ಕಾಯಿಲೆಯಾದಾಗ ಅಪ್ಪ ಅವಳನ್ನು ತವರಿನಲ್ಲಿ ಬಿಟ್ಟಿದ್ದರು. ಬಳ್ಳಾರಿಯ ಆಸ್ಪತ್ರೆ ಅಲ್ಲಿಂದ ಹತ್ತಿರವೆಂದು. ನನ್ನನ್ನೂ ಅವಳ ಜೊತೆಗೇ ಕಳಿಸಿದ್ದರಂತೆ. ಅವಳು ಹೋದಮೇಲೆ ಮಾವಂದಿರಿಗೂ ಅಪ್ಪನಿಗೂ ಮಾತು ಬೆಳೆಯಿತು. ನೀನು ತಡವಾಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆ ಎಂದು ಮಾವಂದಿರು, ನೀವು ಹೇಳಿಕಳಿಸಲಿಲ್ಲ ಎಂದು ಅಪ್ಪ. ಆಮೇಲೆ ಅಪ್ಪ ಸಾಯುವ ತನಕ ಆ ದಾರಿ ಹಿಡಿಯಲಿಲ್ಲ. ನಾವೂ ಹಿಡಿಯಲಿಲ್ಲ. ಕಾರು ನಮ್ಮ ಮನೆಗೆ ಬಂದಮೇಲೆ ಒಮ್ಮೆಯೂ ಮೊಳಕಾಲ್ಮೂರಿಗೆ ಹೋಗಿಲ್ಲ. ಹಾಗಾದರೆ ಈ ನೂಲು ಹಾಕಿದ್ದು ಯಾವಾಗ?

ಓಬಳೇಶಣ್ಣ ಪಟ್ಟಿಯ ತುದಿ ತೋರಿಸಿದರು. ನೂಲು ಅಲ್ಲಿ ಹೊಸೆತ ಬಿಚ್ಚಿ ಕುಚ್ಚಿನಂತಾಗಿತ್ತು. "ಇಲ್ಲಿ ಯಾರೋ ಕಿತ್ತಿದಾರೆ ನೋಡ್ರಿ. ಹಾಕಿದೋನು ತುದಿ ಹೊರಗೆ ಬಿಟ್ಟಿದ್ದಾನೆ ಮಾರಾಯ, ಕಂಡೋರು ಎಳೀದೆ ಬಿಡ್ತಾರಾ. ಅದಕ್ಕೇ ಒಳಗೆ ಮೆತ್ತೆ ಸಡ್ಲ ಆಗಿ ಈಗ ಬಡೀತಿರೋದು."

ಎಳೀಬ್ಯಾಡ ಮಗಾ, ಎಲ್ಲಾ ಬಿಚ್ಕೊಂಡು ಬರ್ತೈತೆ.

ಕುಣಿಯಬೇಕಿತ್ತು. ಆದರೆ ನನ್ನ ಸ್ವಭಾವ ನಿಮಗೆ ಈಗಾಗಲೇ ಗೊತ್ತು. ಅಪ್ಪ ಕೊಂಡದ್ದು ಒಬ್ಬರು ಓಡಿಸಿ ಬಿಟ್ಟ ಕಾರು. ಅದರ ಹಳೆಯ ಯಜಮಾನ ಮೊಳಕಾಲ್ಮೂರಿನವನೇ ಆಗಿದ್ದರೆ? ನೂಲು ಎಳೆದದ್ದು ನಾನೇ, ಆದರೆ ಆರನೇ ವಯಸ್ಸಿನಲ್ಲಿ, ಗದರಿದವಳು ಅಕ್ಕನೇ ಎಂದಾದರೆ? ಆ ನೂಲಿನಲ್ಲಿ ಮಾಸಿದ ನೀಲಿ ಎಳೆಗಳೂ ಇದ್ದವು. ನೀಲಿ ಕಾರು ಹುಟ್ಟಿದ್ದು ಇಲ್ಲಿಂದಲೇ ಎಂದು ಬರೆದರೆ ಚೆನ್ನಾಗಿರುತ್ತದೆ. ಚೆನ್ನಾಗಿರುತ್ತದೆ ಎಂಬ ಕಾರಣಕ್ಕೇ ನಾನದನ್ನು ನಂಬುವುದಿಲ್ಲ.

ಅಕ್ಕನಿಗೆ ಫೋನು ಮಾಡಿದೆ. ನೂಲಿನ ಸುದ್ದಿ ಎತ್ತಲಿಲ್ಲ. ಸಾಕ್ಷಿಯ ಬಾಯಿಗೆ ಉತ್ತರ ಇಡಬಾರದು.

"ಅಕ್ಕಾ, ದೀಪಾವಳಿಗೆ ಕಾರು ಬಂತು ಅಂದ್ಯಲ್ಲ, ಎಲ್ಲಿಂದ ಬಂತು?"

"ಮತ್ತೆ ಶುರು ಮಾಡಿದ್ಯಾ? ಅಪ್ಪ ಓಡಿಸ್ಕೊಂಡು ಬಂದ್ರು. ಎಲ್ಲಿಂದ ಅಂತ ಯಾರು ಕೇಳ್ತಾರೆ ಅವ್ರನ್ನ? ಎರಡು ತಿಂಗ್ಳು ಯಾರ ಜೊತೀಗೂ ಮಾತಾಡಿರ್ಲಿಲ್ಲ ಅವ್ರು."

"ಆ ದಿನ ಏನೇನು ಆಯ್ತು, ಹೇಳು."

"ಏನಾಗ್ತೈತೆ? ಪೂಜೆ ಮಾಡ್ಬೇಕು, ಕಾರು ತೊಳಿ ಅಂದ್ರು. ತೊಳ್ದೆ. ಒಳಗೆಲ್ಲ ಗುಡಿಸ್ದೆ. ಹಿಂದಿನ ಸೀಟಲ್ಲಿ ದಿಂಬಿತ್ತು, ತೆಗೆದು ಒಳಗಿಟ್ಟೆ. ನಿಂಬೆಹಣ್ಣು..." ಎಂದವಳು ನಿಂತಳು.



"ಅವ್ವನ ದಿಂಬು ಕಣೋ ಅದು," ಎಂದಳು. ದನಿ ಬೇರೆಯಾಗಿತ್ತು. "ಗಿಳಿ ಕಸೂತಿ ಹಾಕಿದ್ಲಲ್ಲ, ಆ ಗೌಸು. ಮೊಳಕಾಲ್ಮೂರಿಗೆ ಹೋಗುವಾಗ ಅವ್ವ ತಗೊಂಡು ಹೋಗಿದ್ಲು. ಕಾರೊಳಗೆ ಯಾಕಿತ್ತು ಅದು?"

"ಬಳ್ಳಾರಿಗೆ ಅವ್ವನ್ನ ಆ ಕಾರಲ್ಲೇ ಕರ್ಕೊಂಡು ಹೋಗ್ತಿದ್ರು ಅನ್ಸುತ್ತೆ. ಅದಕ್ಕೇ ಅಪ್ಪ ಕೊಂಡಿರ್ಬೇಕು. ಅವ್ವ ಹೋದ್ಮೇಲೂ ಕಾರು ಅಲ್ಲೇ ಇತ್ತು, ಜಗಳ ಆಡಿ ಅಪ್ಪ ವಾಪಸ್ ತರೋ ತನಕ."

"ನಲವತ್ತೇಳು ವರ್ಷ ನಾನು ಇದನ್ನ ಯೋಚ್ನೆನೇ ಮಾಡ್ಲಿಲ್ಲ ನೋಡು," ಎಂದಳು. ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. "ತಡ ಮಾಡಿದ್ರು, ತಡ ಮಾಡಿದ್ರು ಅಂತ ಎಲ್ರೂ ಅಂದ್ವಿ. ಕಾರು ಕೊಂಡಿದ್ರು ಅನ್ನೋದನ್ನ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ಆ ಮನುಷ್ಯಗೆ?"

"ಆ ದಿಂಬು ಆಮೇಲೆ ಏನಾಯ್ತು?"

"ನೀನೇ ಅಲ್ಲೇನೋ? ಹತ್ತು ವರ್ಷದವನಾಗೋ ತನಕ ಅದನ್ನ ತಬ್ಕೊಂಡೇ ಮಲಗ್ತಿದ್ದೆ. ಒಗೆಯೋಕೆ ಕೊಡ್ತಿರ್ಲಿಲ್ಲ. ಹರಿದು ಹತ್ತಿ ಬಂದ್ರೂ ಬಿಡ್ತಿರ್ಲಿಲ್ಲ."

ನನಗೆ ದಿಂಬಿನ ನೆನಪಿಲ್ಲ. ಗಿಳಿಯ ನೆನಪಿಲ್ಲ. ಫೋನು ಇಟ್ಟಮೇಲೆ ಎಷ್ಟು ಹೊತ್ತು ಹುಡುಕಿದರೂ ಅದರ ಒಂದು ದಾರದಷ್ಟೂ ಸಿಗಲಿಲ್ಲ. ಆರು ವರ್ಷ ದಿನಾ ತಬ್ಬಿಕೊಂಡದ್ದು ಹೋಗಿದೆ, ಒಂದು ಗಳಿಗೆ ಮಣಿಕಟ್ಟು ಹಿಡಿದದ್ದು ಉಳಿದಿದೆ. ನನ್ನ ಇದೊಂದೇ ನೆನಪು ನಿಜವೋ ಸುಳ್ಳೋ ಎಂದು ಇಷ್ಟು ವರ್ಷ ವಿಚಾರಣೆ ಮಾಡಿದೆ. ಕಳೆದುಹೋದವು ಎಷ್ಟಿರಬಹುದೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಓಬಳೇಶಣ್ಣ ಅಷ್ಟರಲ್ಲಿ ಪಟ್ಟಿಯನ್ನು ಮರದ ಕೊರಡಿನ ಮೇಲೆ ಬೋರಲು ಹಾಕಿ, ನನ್ನ ಉಬ್ಬನ್ನು ಸಣ್ಣ ಸುತ್ತಿಗೆಯಲ್ಲಿ ಮಟ್ಟ ಮಾಡುತ್ತಿದ್ದರು. ಆಮೇಲೆ ನೀರು ಹಾಕಿ ಉಜ್ಜುವ ಕಾಗದ ಕೊಟ್ಟು ನನಗೂ ಕೆಲಸ ಹಚ್ಚಿದರು. ಮೊದಲು ಒರಟು, ಆಮೇಲೆ ನಯ, ಆಮೇಲೆ ಇನ್ನೂ ನಯ. "ಒಂದೇ ದಿಕ್ಕಿಗೆ ಉಜ್ರಿ ಮೇಷ್ಟ್ರೇ. ಹಿಂದೆ ಮುಂದೆ ಹೋದ್ರೆ ಗೀರು ನಿಲ್ತಾವೆ." ಹಿಂದೆ ಮುಂದೆ ಹೋಗದೆ ನಾನು ಇನ್ನೇನು ಮಾಡಿದ್ದೇನೆ ಎಂದು ಅವರಿಗೆ ಹೇಳಲಿಲ್ಲ.

"ಹಿಂದೆ ಏನು ಹಾಕೋಣ? ಈಗ ಸ್ಪಂಜಿನ ಟೇಪು ಬಂದೈತೆ, ಭಾಳ ಸುಲಭ."

"ನಾಳೆ ತಂದು ಕೊಡ್ತೀನಿ," ಎಂದೆ.

ಮರುದಿನ ಬೆಳಿಗ್ಗೆ, ಪಟ್ಟಿಯಿಲ್ಲದ ಬಾಗಿಲಿನ ಏಳು ತೂತುಗಳೊಂದಿಗೆ ಕಾರು ತಳಕು ದಾಟಿ, ಹಾನಗಲ್ಲಿನಲ್ಲಿ ತಿರುಗಿ, ಮೊಳಕಾಲ್ಮೂರಿಗೆ ಹೋಯಿತು. ಮಾವಂದಿರು ಈಗಿಲ್ಲ. ಅವರ ಮನೆ ಯಾವುದೆಂದು ನನಗೆ ಗೊತ್ತಿಲ್ಲ. ಮಗ್ಗದ ಸದ್ದು ಕೇಳಿದ ಮೊದಲ ಮನೆಯ ಬಾಗಿಲಲ್ಲಿ ನಿಂತು ನೂಲಿನ ತುದಿ ಕೇಳಿದೆ. ವಯಸ್ಸಾದ ಹೆಂಗಸೊಬ್ಬರು ಯಾಕೆ ಎಂದರು. ಕಾರಿಗೆ ಎಂದೆ. "ಕಾರಿಗೂ ಸೀರೆ ಉಡಿಸ್ತೀಯೇನಪ್ಪ?" ಎಂದು ನಗುತ್ತಾ ಒಂದು ಹಿಡಿ ಕೊಟ್ಟರು. ಯಾರ ಮನೆಯವನು ಎಂದು ಕೇಳಿದಾಗ ಅವ್ವನ ಹೆಸರು ಹೇಳಿ, ಅವಳ ಮಗ ಎಂದೆ. ಆ ಮಾತನ್ನು ನಾನು ಇನ್ನೊಬ್ಬರಿಗೆ ಹೇಳಿದ್ದು ಅದೇ ಮೊದಲು. ಅವರು ಸ್ವಲ್ಪ ಯೋಚಿಸಿ, "ಗೊತ್ತಾಗ್ಲಿಲ್ಲಪ್ಪ," ಎಂದರು.

ಸಂಜೆಯ ಹೊತ್ತಿಗೆ ಓಬಳೇಶಣ್ಣ ನೂಲಿಗೆ ಮೇಣ ಸವರಿ, ಹೊಸೆದು, ಪಟ್ಟಿಯ ಹಳ್ಳಕ್ಕೆ ತುಂಬಿ, ಏಳು ಕ್ಲಿಪ್ಪುಗಳನ್ನು ಒಂದೊಂದಾಗಿ ಕೂರಿಸಿದರು. ಪಟ್ಟಿಯಲ್ಲಿ ಬೀದಿಯ ಬೇವಿನ ಮರ ಉದ್ದಕ್ಕೆ ಕಾಣುತ್ತಿತ್ತು. ತುದಿಯಲ್ಲಿ ಉಳಿದ ನೂಲಿಗೆ ಅವರು ಬ್ಲೇಡು ಹಿಡಿದರು.

"ಇರ್ಲಿ ಬಿಡ್ರಿ," ಎಂದೆ.

"ನೀರಿಳಿತೈತ್ರೀ. ಮತ್ತೆ ಯಾರಾದ್ರೂ ಎಳೀತಾರೆ."

"ಎಳೆಯಲ್ಲ."

ನಿನ್ನೆ ನಾಯಕನಹಟ್ಟಿಗೆ ಅಕ್ಕನ ಮನೆಗೆ ಹೊರಟೆ. ನಲವತ್ತು ದಾಟಿತು, ಐವತ್ತು ದಾಟಿತು. ಹಿಂದಿನ ಬಾಗಿಲಿನಿಂದ ಸದ್ದಿಲ್ಲ. ರಿಪೇರಿ ಸರಿಯಾಗಿದೆ. ಆದರೂ ಅರ್ಧ ದಾರಿಯಲ್ಲಿ ಕಾರು ನಿಲ್ಲಿಸಿ ಇಳಿದು, ಎಡಬದಿಗೆ ಬಂದು, ಹಿಂದಿನ ಬಾಗಿಲನ್ನು ಅರ್ಧ ತೆರೆದೆ. ಪಟ್ಟಿಯ ತುದಿಯ ನೂಲನ್ನು ಎರಡು ಬೆರಳಲ್ಲಿ ಹಿಡಿದು, ಪಟ್ಟಿಯ ಬಿಸಿ ಮಣಿಕಟ್ಟಿಗೆ ತಾಗುವಂತೆ, ಸ್ವಲ್ಪ ಹೊತ್ತು ನಿಂತೆ. ಎಳೆಯಲಿಲ್ಲ.