ಪ್ಲಾಸ್ಟಿಕ್ಕು ಬಿಚ್ಚದ ಗಾದಿ

ಆಗೆಲ್ಲ ನಮ್ಮ ಶಹಾಬಾದಿನ ಓಣಿಯಲ್ಲಿ ಒಬ್ಬರಿಗೇ ಒಂದು ಖೋಲಿ ಇದೆಯೆಂದರೆ ಅವರು ಒಂದೋ ರಾತ್ರಿಯಿಡೀ ಕೆಮ್ಮುವ ಮುದುಕರು, ಇಲ್ಲವೇ ಹೊಸದಾಗಿ ಮದುವೆಯಾದವರು. ಉಳಿದವರೆಲ್ಲ ಪಡಸಾಲೆಯಲ್ಲಿ ಸಾಲಾಗಿ ಮಲಗುವವರು. ಒಬ್ಬರ ಕಾಲು ಇನ್ನೊಬ್ಬರ ಹೊಟ್ಟೆಯ ಮೇಲೆ, ಒಬ್ಬರ ಗೊರಕೆ ಇನ್ನೊಬ್ಬರ ಕಿವಿಯಲ್ಲಿ. ನೀವೂ ಹಾಗೇ ಬೆಳೆದವರಾದರೆ, ಒಂಬತ್ತನೇ ಇಯತ್ತೆ ಮುಗಿಸಿ ರಜೆಯಲ್ಲಿ ಕೂತಿದ್ದ ಹುಡುಗಿಗೆ ಅಪ್ಪ ‘ಹಿಂದಿನ ಖೋಲಿ ಇನ್ಮ್ಯಾಲ ನಿಂದೇ’ ಎಂದಾಗ ಏನಾಗಿರಬಹುದು ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಸಂತೋಷವೇ ಆಯಿತು. ಸುಳ್ಳು ಯಾಕೆ ಹೇಳಲಿ? ಆದರೆ ಆ ಖೋಲಿಯನ್ನು ನೆನೆದರೆ ಈಗ ನನಗೆ ಬರುವುದು ಹೇಸಿಗೆ. ಫರ್ನಿಚರ್ ಅಂಗಡಿಯ ಮುಂದೆ ಹಾಯುವಾಗ ಹೊಸ ಪ್ಲಾಸ್ಟಿಕ್ಕಿನ ವಾಸನೆ ಬಡಿದರೆ ಇವತ್ತಿಗೂ ಮೂಗಿಗೆ ಸೆರಗು ಹಿಡಿದು ಆಚೆ ಹೋಗುತ್ತೇನೆ.

ಅಪ್ಪ ಫರಸಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ನಮ್ಮೂರಲ್ಲಿ ಕಲ್ಲಿಗೇನು ಬರ? ನೆಲ ಫರಸಿ, ಗೋಡೆ ಫರಸಿ, ಮಾಳಿಗೆಗೂ ಫರಸಿ. ಮೂಲೆ ಒಡೆದದ್ದಕ್ಕೆ ಯಾರೂ ಬೇಡವೆಂದ ಒಂದು ಹಾಸುಗಲ್ಲನ್ನು ಅಪ್ಪ ತಂದು, ಇಟ್ಟಂಗಿಯ ಎರಡು ಗುಡ್ಡೆಯ ಮೇಲೆ ಹಾಸಿ, ‘ಇದು ನಿನ್ನ ಟೇಬಲ್ಲು’ ಎಂದ. ಜೋಳದ ಚೀಲಗಳನ್ನು ಅಡುಗೆ ಮನೆಗೆ ಸಾಗಿಸಿ, ಮುರಿದ ಸೈಕಲ್ಲನ್ನು ಹಿತ್ತಲಿಗೆ ಎಸೆದು, ನಾನೂ ಅಪ್ಪನೂ ಸೇರಿ ಗೋಡೆಗೆ ಸುಣ್ಣ ಹೊಡೆದೆವು. ಸುಣ್ಣದಲ್ಲಿ ನಾನು ಬಟ್ಟೆಗೆ ಹಾಕುವ ನೀಲಿಯನ್ನು ಕಲಸಿದ್ದೆ. ಬಣ್ಣ ಒಂದು ಕಡೆ ಆಕಾಶದಂತೆ, ಇನ್ನೊಂದು ಕಡೆ ಶಾಯಿ ಚೆಲ್ಲಿದಂತೆ ಬಂತು. ಅವ್ವನ ಹಳೆಯ ಸೀರೆ ಹರಿದು ಕಿಟಕಿಗೆ ಪರದೆ ಮಾಡಿದೆ. ಹಳೆಯ ಪತ್ರಿಕೆಗಳಿಂದ ಹಕ್ಕಿಯ ಚಿತ್ರಗಳನ್ನು ಕತ್ತರಿಸಿ, ಗೋಧಿ ಹಿಟ್ಟಿನ ಅಂಟಿನಿಂದ ಗೋಡೆಗೆ ಹಚ್ಚಿದೆ. ಕಿಟಕಿಯ ಆಚೆ ಬೇವಿನ ಗಿಡ, ಅದರಾಚೆ ನನ್ನ ಗೆಳತಿ ಶಾಹೀನಳ ಮನೆಯ ಅಂಗಳ. ಸಂಜೆ ಆಕೆ ಅಲ್ಲಿಂದ ಕೂಗಿದರೆ ನಾನು ಇಲ್ಲಿಂದ ಓಗೊಡುತ್ತಿದ್ದೆ. ಮಲಗಲು ಮಂಚವೊಂದಿರಲಿಲ್ಲ. ನೆಲದ ಮೇಲೆ ಕೌದಿ ಹಾಸಿಕೊಂಡು, ಒಂದಲ್ಲ ಒಂದು ದಿನ ನನಗೂ ಒಂದು ಪಲ್ಲಂಗ ಬಂದರೆ, ಬಾಗಿಲು ಹಾಕಿಕೊಂಡು ಅದರ ಮೇಲೆ ಕೈಕಾಲು ಚಾಚಿ ಬಿದ್ದುಕೊಳ್ಳುವೆ ಎಂದು ಎಣಿಸುತ್ತಿದ್ದೆ. ಬೇರೇನೂ ಬೇಡಿರಲಿಲ್ಲ.

ಪಲ್ಲಂಗ ಬಂತು. ಆಸೆಪಟ್ಟದ್ದಕ್ಕಿಂತ ಬೇಗ ಬಂತು.

ಚಿತ್ತಾಪುರದ ಅತ್ತಿ, ಅಂದರೆ ಅಪ್ಪನ ಅಕ್ಕ, ಟಂಟಂ ರಿಕ್ಷಾದಲ್ಲಿ ಹೇರಿಸಿಕೊಂಡು ಬಂದಿದ್ದಳು. ಸಾಗವಾನಿ ಬಣ್ಣ ಬಳಿದ ಪಲ್ಲಂಗ, ತಲೆಯ ಕಡೆ ನವಿಲು ಕೆತ್ತನೆ, ಅದರ ಮೇಲೆ ದಪ್ಪ ಅರಳೆಯ ಗಾದಿ. ಗಾದಿಗೆ ಒಳಗಿನದು ಕಾಣದಷ್ಟು ದಪ್ಪನೆಯ ಬಿಳಿ ಪ್ಲಾಸ್ಟಿಕ್ಕಿನ ಚೀಲ, ಚೀಲದ ಬಾಯಿಗೆ ಟೇಪು. ನಾನು ಕುಣಿದಾಡಿಬಿಟ್ಟೆ. ಓಡಿ ಹೋಗಿ ಟೇಪಿಗೆ ಉಗುರು ಹಚ್ಚಿದೆನೋ ಇಲ್ಲವೋ, ಅವ್ವ ಕೈಮೇಲೆ ಫಟ್ಟೆಂದು ಹೊಡೆದಳು.

‘ಕೈ ಹಚ್ಚಬ್ಯಾಡ! ಪ್ಲಾಸ್ಟಿಕ್ ಕಿತ್ತಿದಿ ಅಂದ್ರ ನೋಡು ಮತ್ತ!’

‘ಯಾಕವ್ವಾ? ನಂದೇ ಅಲ್ಲೇನು?’

‘ನಿಂದೇ. ಈಗಲ್ಲ.’

ಅತ್ತಿ ಬಾಯಿ ತುಂಬ ಎಲಿಅಡಿಕಿ ಇಟ್ಟುಕೊಂಡು ನಕ್ಕಳು. ‘ಹುಚ್ಚಿ, ಇದು ನಿನ್ನ ಲಗ್ನದ ಸಾಮಾನು. ಗಂಡನ ಮನಿಗಿ ಹಳೇ ಗಾದಿ ಒಯ್ತೀಯೇನು? ಹತ್ತನೇ ಇಯತ್ತೆ ಮುಗೀಲಿ, ನೋಡಿದ್ರಾತು.’

ನಮ್ಮ ಕಡೆಯ ರಿವಾಜು ನಿಮಗೆ ಗೊತ್ತಿರಬಹುದು. ಹೆಣ್ಣು ಕೊಡುವವರು ಪಲ್ಲಂಗ, ತಿಜೂರಿಯೆನ್ನುವ ಕಬ್ಬಿಣದ ಕಪಾಟು, ಬಾಂಡೆ ಸಾಮಾನು ಅಂದರೆ ಪಾತ್ರೆಪಡಗ, ಎಲ್ಲವನ್ನೂ ಕೊಟ್ಟು ಕಳಿಸಬೇಕು. ಒಮ್ಮೆಗೇ ಆಗದು ಎಂದು ಹುಡುಗಿ ಸಣ್ಣವಳಿದ್ದಾಗಿನಿಂದಲೇ ಒಂದೊಂದಾಗಿ ತಂದು ತುಂಬುತ್ತಾರೆ. ಎಲ್ಲಿ ತುಂಬುತ್ತಾರೆ? ಹುಡುಗಿಯ ಖೋಲಿಯಲ್ಲಿ. ‘ಕೂಸು ಹುಟ್ಟೂಕಿಂತ ಮೊದ್ಲೇ ಕುಲಾವಿ ಹೊಲಸಿದಂಗಾತು’ ಎಂದು ಅಪ್ಪ ಗೊಣಗಿದ. ಗೊಣಗಿದ್ದಷ್ಟೇ. ಅಕ್ಕನ ಎದುರು ಅವನ ಬಾಯಿ ಅದಕ್ಕಿಂತ ದೊಡ್ಡದಾಗುತ್ತಿರಲಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ ಅವ್ವ ಸಂತೆಗೆ ಹೋದಾಗ ನಾನು ಪ್ಲಾಸ್ಟಿಕ್ಕಿನ ಸಮೇತ ಅದರ ಮೇಲೆ ಮಲಗಿದೆ. ನಮ್ಮೂರ ಬಿಸಿಲು ಗೊತ್ತಲ್ಲ? ಮೇಲಿನ ಫರಸಿ ಕಾದು ಹಂಚಾಗಿತ್ತು. ಮಗ್ಗುಲಾದರೆ ಚರಚರ ಸದ್ದು. ಬೆನ್ನಿಗೆ ಬೆವರು ಕಟ್ಟಿ ಮಡುವಾಯಿತು. ಕೆನ್ನೆ ಅಂಟಿತು, ಕಿತ್ತರೆ ಚರ್ಮವೇ ಬಂದಂತಾಯಿತು. ಸುಟ್ಟ ಟಾಯರಿಗೆ ಔಷಧಿ ಬೆರೆಸಿದಂಥ ಆ ವಾಸನೆ ಗಂಟಲಿಗಿಳಿದು, ಉಂಡಿದ್ದ ರೊಟ್ಟಿ, ಶೇಂಗಾ ಹಿಂಡಿ ಎಲ್ಲ ಮೇಲೆ ಬರತೊಡಗಿತು. ಥೂ! ಎದ್ದು ಹಿತ್ತಲಿಗೆ ಓಡಿದೆ. ತಿರುಗಿ ಬಂದು ನೋಡಿದರೆ ಪ್ಲಾಸ್ಟಿಕ್ಕಿನ ಮೇಲೆ ನನ್ನದೇ ಬೆವರಿನ ಆಕಾರ, ಗೊಂಬೆಯಂತೆ ಬಿದ್ದುಕೊಂಡಿತ್ತು. ಲಂಗದಿಂದ ಒರೆಸಿ ಮತ್ತೆ ನೆಲಕ್ಕೇ ಕೌದಿ ಹಾಸಿದೆ.

ಆಮೇಲೆ ಸಾಮಾನು ಬರತೊಡಗಿತು. ಮೊದಲು ತಿಜೂರಿ. ಅದಕ್ಕೆ ಬೇರೆ ಗೋಡೆ ಸಿಗಲಿಲ್ಲವೆಂದು ಕಿಟಕಿಗೆ ಅಡ್ಡ ನಿಲ್ಲಿಸಿದರು. ಬೇವಿನ ಗಿಡ ಹೋಯಿತು, ಶಾಹೀನಳ ಅಂಗಳ ಹೋಯಿತು, ಗಾಳಿಯೂ ಹೋಯಿತು. ಬಾಂಡೆಯ ಗೋಣಿಗಳನ್ನು ಇಡಲು ನನ್ನ ಕಲ್ಲಿನ ಟೇಬಲ್ಲಿನಿಂದ ಪುಸ್ತಕಗಳನ್ನು ಇಳಿಸಿದರು. ಕನ್ನಡಿಯ ಮೇಜು ಬಂತು. ಹದಿನೈದು ವರ್ಷದ ಹುಡುಗಿಯ ಖೋಲಿಗೆ ಆಳೆತ್ತರದ ಕನ್ನಡಿ! ಆದರೆ ಅದಕ್ಕೆ ಗೆರೆ ಬಿದ್ದೀತೆಂದು ಅವ್ವ ಮೇಲಿಂದ ಕೆಳಗಿನವರೆಗೆ ಪೇಪರು ಅಂಟಿಸಿದಳು. ಒಂದು ಮೂಲೆ ಹರಿದಲ್ಲಿ ನನ್ನ ಗದ್ದ ಮಾತ್ರ ಕಾಣುತ್ತಿತ್ತು. ಮುಖದ ಮೇಲೆ ಮೊಡವೆ ಎದ್ದರೆ ನೋಡಿಕೊಳ್ಳಲು ನಾನು ಶಾಹೀನಳ ಮನೆಗೆ ಹೋಗುತ್ತಿದ್ದೆ.

ಬಾಂಡೆಗಳಿಗೆ ಹೆಸರು ಹಾಕಿಸಲು ಹೋದ ದಿನ ನಾನೂ ಅವ್ವನ ಜೊತೆಗಿದ್ದೆ. ಅಂಗಡಿಯವನು ನೀರಿನ ಕೊಡದ ಮೇಲೆ ‘ಸುಜಾತಾ’ ಎಂದು ಕೊರೆದು ತಲೆಯೆತ್ತಿದ.

‘ಮುಂದ ಹುಡುಗನ ಹೆಸರು ಏನ್ರಿ?’

‘ಇನ್ನಾ ಗೊತ್ತಿಲ್ರಿ. ಜಾಗಾ ಬಿಡ್ರಿ’ ಎಂದಳು ಅವ್ವ, ಬಟ್ಟೆ ಅಳತೆ ಹೇಳಿದಷ್ಟು ಸಲೀಸಾಗಿ.

ಕೊಡದ ಮೇಲೆ ನಾನು, ನನ್ನ ಪಕ್ಕದಲ್ಲಿ ಖಾಲಿ. ತಂಬಿಗೆಯ ಮೇಲೆ ನಾನು, ಪಕ್ಕದಲ್ಲಿ ಖಾಲಿ. ಚಮಚೆಗಳನ್ನೂ ಬಿಡಲಿಲ್ಲ. ಮನೆಯವರೆಗೂ ನಾನು ಅವ್ವನಿಗಿಂತ ಹತ್ತು ಹೆಜ್ಜೆ ಹಿಂದೆಯೇ ನಡೆದೆ. ಅವಳಿಗೆ ಅದು ತಿಳಿಯಲೂ ಇಲ್ಲ.

ಶಾಹೀನ ಒಂದು ದಿನ ಖೋಲಿ ನೋಡಲು ಬಂದಳು. ಬಾಗಿಲಲ್ಲೇ ನಿಂತಳು, ಒಳಗೆ ಕಾಲಿಡಲು ಜಾಗವಿದ್ದರೆ ತಾನೆ?

‘ಯಾ ಅಲ್ಲಾ! ಇದು ಖೋಲಿನೋ ದುಕಾನೋ? ನೀ ಎಲ್ಲಿ ಮಲ್ಕೊಂತಿ?’

ನಾನು ಪಲ್ಲಂಗ ಮತ್ತು ಗೋಡೆಯ ನಡುವಿನ ಸಂದು ತೋರಿಸಿದೆ. ಆಕೆಗೆ ನಗು ತಡೆಯಲಾಗಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಆಗ ಆಕೆಯೇ ನನ್ನ ಕಣ್ಣು ಒರೆಸಿ, ‘ಬಾ, ನಮ್ಮನಿಗಿ ಹೋಗಮು, ಅಮ್ಮಿ ಭಜಿ ಕರೀಲಿಕತ್ತಾಳ’ ಎಂದು ಎಳೆದುಕೊಂಡು ಹೋದಳು.

ಮಳೆಗಾಲ ಶುರುವಾದಾಗ ಅತ್ತಿ ಮೂವರು ಹೆಂಗಸರನ್ನು ಕರೆತಂದಳು. ಹುಡುಗಿ ನೋಡಲಿಕ್ಕಲ್ಲ, ‘ಸುಮ್ನ ಸಾಮಾನು ನೋಡಿ ಹೋಗ್ತಾರ’ ಎಂದಳು. ಅವ್ವ ಚುರುಮುರಿಯ ಸುಸಲಾ ಮಾಡಿದಳು, ಚಹಾ ಇಟ್ಟಳು. ಮೂವರೂ ಸುಸಲಾ ತಿಂದ ಎಣ್ಣೆಗೈಯಲ್ಲೇ ನನ್ನ ಖೋಲಿಗೆ ನುಗ್ಗಿದರು. ಒಬ್ಬಳು ತಿಜೂರಿಗೆ ಬೆರಳ ಗಂಟಿನಿಂದ ಬಡಿದು ಸದ್ದು ಕೇಳಿದಳು. ಒಬ್ಬಳು ಗಾದಿಯನ್ನು ಅಲ್ಲಲ್ಲಿ ಹಿಚುಕಿ, ‘ಅರಳಿ ಪಕ್ಕಾ ಅದ ಏನ್ರಿ?’ ಎಂದಳು. ಇನ್ನೊಬ್ಬಳ ಕಂಕುಳಲ್ಲಿ ಒಂದು ಕೂಸು. ಅದನ್ನು ಗಾದಿಯ ಮೇಲೆ ಬಿಟ್ಟಳು. ಕೂಸು ಕುಣಿಯಿತು, ಬಿತ್ತು, ಎದ್ದಿತು, ಮೂಗಿನ ಎರಡೂ ಹೊಳ್ಳೆಯಿಂದ ಇಳಿಯುತ್ತಿದ್ದ ಸಿಂಬಳವನ್ನು ಪ್ಲಾಸ್ಟಿಕ್ಕಿಗೆ ತೇಯ್ದು, ಕೊನೆಗೆ ಅಲ್ಲೇ ಉಚ್ಚೆ ಹೊಯ್ಯಿತು.

ನಾನು ಉಗುರು ಹಚ್ಚಿದ್ದಕ್ಕೆ ಹೊಡೆದ ಅವ್ವ ಏನು ಮಾಡಿದಳು ಗೊತ್ತೇ? ‘ಇರ್ಲಿ ಬಿಡ್ರಿ, ಪ್ಲಾಸ್ಟಿಕ್ ಅದ’ ಎಂದು ನಗುನಗುತ್ತಾ ತನ್ನ ಸೆರಗಿನಿಂದಲೇ ಒರೆಸಿದಳು. ಅಷ್ಟೆಲ್ಲ ಆದ ಮೇಲೆ ಆ ಹೆಂಗಸರು ನನ್ನ ಕಡೆ ತಿರುಗಿದರು. ಗಾದಿ ಹಿಚುಕಿದವಳು ಅದೇ ಕೈಯಿಂದ ನನ್ನ ತೋಳು ಹಿಡಿದು, ‘ಹುಡುಗಿ ಭಾಳ ಸಣ್ಣ ಅದ. ತುಂಬ್ಕೋತಾಳ ಬಿಡು’ ಎಂದಳು. ನನಗೆ ಮೈಯೆಲ್ಲ ಹೊಲಸಾದಂತಾಯಿತು. ಆ ಕೈ ಕೊಡವಿಕೊಂಡು ಹೊರಗೆ ಹೋದೆ. ಬಚ್ಚಲಲ್ಲಿ ತೋಳು ಕೆಂಪಾಗುವ ತನಕ ತಿಕ್ಕಿದೆ.

ಅವತ್ತು ಸಂಜೆ ಕಲ್ಲಿನ ರಾಡಿ ಮೆತ್ತಿಕೊಂಡು ಬಂದ ಅಪ್ಪ ನನ್ನ ತೋಳು ನೋಡಿದ. ಏನಾಯಿತೆಂದು ಕೇಳಿದ. ನಾನು ಎಲ್ಲ ಹೇಳಿದೆ. ಕೈಕಾಲು ತೊಳೆಯದೆ ಪಡಸಾಲೆಗೆ ಬಂದು, ಅಲ್ಲಿಯವರೆಗೆ ನಾನೆಂದೂ ಕೇಳದ ದನಿಯಲ್ಲಿ ತನ್ನ ಅಕ್ಕನಿಗೆ ಹೇಳಿದ: ‘ಅಕ್ಕಾ, ಅವ್ರಿಗಿ ಅಷ್ಟು ಮನಸಿಗಿ ಬಂದಿದ್ರ ಸಾಮಾನು ಹೊತ್ಕೊಂಡು ಹೋಗ್ಲಿ. ಹುಡುಗಿ ಓದ್ತಾಳ.’

ಅತ್ತಿ ಸಿಟ್ಟಾಗಿ ಮರುದಿನವೇ ಚಿತ್ತಾಪುರಕ್ಕೆ ಹೋದಳು. ಹೆಂಗಸರು ಮತ್ತೆ ಬರಲಿಲ್ಲ. ನಾನು ಓದಿದೆ. ಆದರೆ ಸಾಮಾನು ಎಲ್ಲಿಗೂ ಹೋಗಲಿಲ್ಲ. ಇಲಿ ಬರುತ್ತವೆ, ಧೂಳು ಬರುತ್ತದೆ ಎಂದು ಅವ್ವ ಖೋಲಿಗೆ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಾನು ಕೌದಿ ಸುತ್ತಿಕೊಂಡು ಪಡಸಾಲೆಯ ಸಾಲಿಗೇ ಬಂದು ಮಲಗಿದೆ. ಪಿಯುಸಿ, ಡಿಗ್ರಿ, ಮಾಸ್ತರಿಕೆಯ ಕೋರ್ಸು ಎಲ್ಲ ಅಲ್ಲೇ ಆಯಿತು. ಹಬ್ಬ ಬಂದರೆ ಅವ್ವ ಬೀಗ ತೆಗೆದು, ಪ್ಲಾಸ್ಟಿಕ್ಕನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ಬೀಗ ಹಾಕುತ್ತಿದ್ದಳು.

ಕೊನೆಗೆ ಸೇಡಂನ ಹುಡುಗನೊಂದಿಗೆ ನನ್ನ ಮದುವೆಯಾಯಿತು. ಒಳ್ಳೆಯ ಮನುಷ್ಯ. ಸಾಮಾನೇನೂ ಬೇಡ ಎಂದಿದ್ದ. ಅವ್ವ ಕೇಳುತ್ತಾಳೆಯೇ? ಇಷ್ಟು ವರ್ಷ ಕಾಯ್ದದ್ದು ಯಾವುದಕ್ಕೆ? ಟೆಂಪೋ ತುಂಬ ಹೇರಿಸಿ, ತಾನೂ ಹತ್ತಿ ಬಂದಳು. ಗಂಡನ ಮನೆಯ ಅಂಗಳದಲ್ಲಿ ಬೀಗರು, ನೆರೆಹೊರೆಯವರು ಎಲ್ಲ ನೆರೆದಿದ್ದರು. ಗಾದಿಯ ಟೇಪನ್ನು ಅವ್ವ ತನ್ನ ಕೈಯಾರೆ ಕಿತ್ತಳು. ಅವಳ ಮುಖದಲ್ಲಿ ಅಂಥ ಹಿಗ್ಗನ್ನು ನಾನು ನನ್ನ ಮದುವೆಯ ಅಕ್ಕಿಕಾಳಿನ ಹೊತ್ತಿಗೂ ಕಂಡಿರಲಿಲ್ಲ.

ಪ್ಲಾಸ್ಟಿಕ್ಕು ಜಾರಿತು. ಮೊದಲು ವಾಸನೆ ಬಂತು. ಸತ್ತ ಇಲಿಯನ್ನು ಒದ್ದೆ ಗೋಣಿಯಲ್ಲಿ ಕಟ್ಟಿಟ್ಟರೆ ಬರುವಂಥದು. ಮಾಳಿಗೆಯ ಫರಸಿಯ ಸಂದಿನಿಂದ ಮಳೆಗಾಲಕ್ಕೊಮ್ಮೆ ಹನಿ ತೊಟ್ಟಿಕ್ಕಿ, ಟೇಪಿನ ಬಾಯಿಂದ ಒಳಗಿಳಿದು, ಹೊರಗೆ ಬರಲಾರದೆ ಅಲ್ಲೇ ಕೊಳೆತಿತ್ತು. ಗಾದಿಯ ತುಂಬ ಕಪ್ಪು ಬೂಸ್ಟು, ಹಸಿರು ಬೂಸ್ಟು. ಅರಳೆ ಗಂಟುಗಟ್ಟಿ, ಹೊಲಿಗೆ ಬಿಟ್ಟಲ್ಲೆಲ್ಲ ಬಿಳಿ ಹುಳ ಹರಿದಾಡುತ್ತಿದ್ದವು. ಹೆಂಗಸರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಯಾರೋ ಓಕರಿಸಿದರು. ನನ್ನ ಅತ್ತೆ ಕೆಟ್ಟವಳಲ್ಲ, ಆದರೂ ಬಾಯಿಂದ ಬಂದೇಬಿಟ್ಟಿತು: ‘ಇದೇನ್ರಿ ಬೀಗತಿ, ಯಾರರ ಜಡ್ಡಿನವ್ರು ಮಲ್ಕೊಂಡಿದ್ದು ತಂದೀರೇನು?’

ಅವ್ವ ಆ ಹುಳಗಳ ನಡುವೆಯೇ ಗಾದಿಯ ಮೇಲೆ ಕೈಯಿಟ್ಟು ಕೂತಿದ್ದಳು.

‘ಇಲ್ರಿ, ಆಣೀ ಮಾಡ್ತೀನಿ. ಒಂದಿನಾನೂ ಯಾರೂ ಮಲ್ಕೊಂಡಿಲ್ರಿ. ನನ್ ಮಗಳಿಗಿ ಸುದ್ದಾ ಮಲ್ಕೊಳ್ಳಾಕ ಕೊಟ್ಟಿಲ್ರಿ.’

ಆ ಮಾತು ಹೇಳಿದ ಮೇಲೆ ಅವ್ವ ನನ್ನ ಕಡೆ ನೋಡಿದಳು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವಳಿಗೆ ಏನೋ ಹೊಳೆದಂತಿತ್ತು. ನಾನು ಕೂಡಿಟ್ಟ ಸಿಟ್ಟೆಲ್ಲ ಬಾಯಿಗೆ ಬಂದಿತ್ತು. ಆದರೆ ಹುಳ ಹತ್ತಿದ ಕೈ ಹಿಡಿದು ಕೂತವಳ ಮೇಲೆ ಅದನ್ನು ಉಗುಳುವುದು ಹೇಗೆ? ನನ್ನ ಗಂಡ ಮತ್ತು ಮೈದುನ ಗಾದಿಯನ್ನು ಕೋಲಿನಿಂದ ಎತ್ತಿ ಊರ ಹೊರಗೆ ಒಯ್ದು ಸುಟ್ಟು ಬಂದರು.

ಈಗ ವಾಡಿ ಪಟ್ಟಣದಲ್ಲಿ ನನ್ನದೇ ಮನೆಯಿದೆ, ಶಾಲೆಯಲ್ಲಿ ಮಾಸ್ತರಿಕೆಯಿದೆ, ನನ್ನದೇ ಸಂಬಳ. ಬೇಕಾದಂಥ ಪಲ್ಲಂಗ ತಂದಿದ್ದೇನೆ. ಗಾದಿ ಮನೆಗೆ ಬಂದ ಗಳಿಗೆಯೇ ಪ್ಲಾಸ್ಟಿಕ್ಕನ್ನು ಕುಡುಗೋಲಿನಿಂದ ಸೀಳಿ ಕಸಕ್ಕೆ ಹಾಕಿದೆ. ಓದುಗರಲ್ಲಿ ಹೆಣ್ಣುಮಕ್ಕಳ ತಾಯಂದಿರಿದ್ದರೆ, ಸಾಮಾನನ್ನು ಒರೆಸಿ ಒರೆಸಿ ಇಡುವವರಿದ್ದರೆ, ಅವರಿಗೆ ಬುದ್ಧಿ ಹೇಳುವಷ್ಟು ದೊಡ್ಡವಳು ನಾನಲ್ಲ. ನನಗಂತೂ ಅದೆಲ್ಲದರ ಮೇಲೆ ಇನ್ನೂ ಹೇಸಿಗೆ ಹೋಗಿಲ್ಲ. ಗಾದಿ ಹೋದರೆ ಇನ್ನೊಂದು ಗಾದಿ ಬರುತ್ತದೆ, ಬಂದಿದೆ. ಹದಿನೈದರ ವಯಸ್ಸು ಮಾತ್ರ ನನಗೆ ಒಂದೇ ಸಲ ಬಂದಿತ್ತು. ಆ ವರ್ಷ ಖೋಲಿ ನನ್ನದಿತ್ತು, ಪಲ್ಲಂಗ ನನ್ನದಿತ್ತು, ನಾನು ನೆಲದ ಮೇಲಿದ್ದೆ.