ಬಾಯಿ ತೆರೆದ ಮೀನುಗಳು

ಗುಡೂರಿನ ಮುದಕಪ್ಪ ಕುರಿ ಕಾಯುವುದನ್ನು ಬಿಟ್ಟು ಮೀನು ಕಾಯಲು ನಿಂತಾಗ ಊರೆಲ್ಲ ನಕ್ಕಿತು. ನಗದೆ ಏನು ಮಾಡುವುದು? ಕುರುಬರ ದೇವರು ಬೀರಪ್ಪನ ಒಕ್ಕಲು, ಮೀನಿನ ವಾಸನೆ ಬಂದರೂ ಮೂಗು ಮುಚ್ಚುವವನು. ಆದರೆ ಮೊಣಕಾಲು ಕೆಟ್ಟು ಗುಡ್ಡ ಹತ್ತಲಾಗದೆ, ಊರಿನ ಯಾಕೂಬಸಾಬರು ತಮ್ಮ ಹೊಲದಲ್ಲಿ ತೋಡಿಸಿದ್ದ ಮೀನಿನ ಹೊಂಡಕ್ಕೆ ಕಾವಲು ಸೇರಿದ. ಅದು ಎಂಬತ್ಮೂರನೇ ಇಸವಿಯ ಮಾತು.

ಕೆಲಸ ಬದಲಾದರೂ ಮನುಷ್ಯ ಕುರುಬನೇ. ದಂಡೆಯ ಮೇಲೆ ಕೋಲು ಕುಟ್ಟಿದರೆ ಸಾಕು, ಕಾಟ್ಲಾ ಮೀನುಗಳು ಬಂದು ಅವನ ಅಂಗೈಯಿಂದಲೇ ಶೇಂಗಾ ಹಿಂಡಿ ತಿನ್ನುತ್ತಿದ್ದವು.

“ಮೀನಿಗೇನು ತಿಳೀತದೋ ಮಾರಾಯಾ?” ಎಂದು ಪಕ್ಕದ ಹೊಲದ ನಾನು ಕೆಣಕಿದ್ದೆ.

“ನಿನ್ನ ನೋಡಿದ್ರ ಒಳಗ ಹೋಗ್ತಾವ, ನನ್ನ ನೋಡಿದ್ರ ಬರ್ತಾವ. ತಿಳೀಲಾರದ ಹ್ಯಾಂಗ?” ಅಂದ.

ನೀರು ಹಸಿರೇರಿ ಮೀನು ಬೆಳೆಯಲೆಂದು ಯಾಕೂಬಸಾಬರು ಆಗಾಗ ಒಂದಿಷ್ಟು ಕುರಿ ಹಿಕ್ಕೆ ಹಾಕಲು ಹೇಳಿದ್ದರು. ಇವನ ಕೈ ಯಾವಾಗಲೂ ಒಂದು ಬುಟ್ಟಿ ಧಾರಾಳ.

ಆ ವರ್ಷ ಜೂನಿನ ಮಿರಗದ ಮಳೆ ಕೈಕೊಟ್ಟಿತು. ಮೋಡ ಕವಿದೇ ಇತ್ತು, ಗಾಳಿಯಿಲ್ಲ, ಹನಿಯಿಲ್ಲ. ಒಂದು ಬೆಳಿಗ್ಗೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಹಟ್ಟಿಯಲ್ಲಿ ಮರಿ ಬಾಯಿ ತೆರೆದರೆ ಹಸಿವು, ಮುದಕಪ್ಪನಿಗೆ ಗೊತ್ತಿದ್ದದ್ದು ಅಷ್ಟೇ. ಹಿಂಡಿ ಸುರಿದ. ತಿನ್ನಲಿಲ್ಲ. ಪಾಪ, ಇನ್ನೆರಡು ಬುಟ್ಟಿ ಹಿಕ್ಕೆಯನ್ನೂ ಸುರಿದ.

ಅಷ್ಟರಲ್ಲಿ ಯಾಕೂಬಸಾಬರು ಸೈಕಲ್ ಎಸೆದು ಓಡಿ ಬಂದರು. “ಅವು ಹಸದಿಲ್ಲೋ ಮುದಕಪ್ಪಾ. ನೀರಾಗ ಉಸಿರು ತೀರೇತಿ. ನೀ ಹಾಕಿದ್ದು ಕೊಳತು, ಇದ್ದಷ್ಟೂ ಉಸಿರು ನುಂಗತದ.”

“ಈಗೇನು ಮಾಡೂಣ್ರಿ?”

“ಹೊಸ ನೀರು ಬಿಡಬೇಕು.” ಹೇಳುತ್ತಲೇ ಬಾವಿಗೆ ಬಗ್ಗಿ ನೋಡಿದರು. ಬಾವಿ ತಳ ಕಂಡಿತ್ತು.

ಮುದಕಪ್ಪ ಧೋತರ ಮೇಲೆ ಕಟ್ಟಿ ಹೊಂಡಕ್ಕಿಳಿದ. ಗಾಳಿ ಬೆರೆಯಲೆಂದು ಎರಡೂ ಕೈಯಿಂದ ನೀರು ಬಡಿದ. ಹೆಂಡತಿ ಲಗಮವ್ವ ಮೊರ ತಂದು ಬಡಿದಳು, ಯಾಕೂಬಸಾಬರೂ ನಾನೂ ಬಡಿದೆವು. ಅಷ್ಟು ದೊಡ್ಡ ಹೊಂಡಕ್ಕೆ ನಾಲ್ವರ ಕೈ ಎಲ್ಲಿಯ ಲೆಕ್ಕ? ಮೀನಿಗೆ ಸಂಕಟ ಗೊತ್ತಾಗುವುದಿಲ್ಲ ಎನ್ನುವವರನ್ನು ಆಗ ಎಳೆದು ತಂದು ನಿಲ್ಲಿಸಬೇಕಿತ್ತು.

“ಕುರಿ ಆಗಿದ್ರ ಒದರ್ತಿದ್ವು,” ಅಂದಳು ಲಗಮವ್ವ. “ಇವಕ್ಕ ದನೀನೂ ಇಲ್ಲ.”

ಕೊನೆಗೆ ಮುದಕಪ್ಪನ ಕೈಗಳು ಸೋತವು. ಬಡಿತ ನಿಂತದ್ದೇ ಮೀನುಗಳು ಅವನ ಸುತ್ತ ಕೂಡಿ, ಅಂಗೈಗೆ ಬಾಯಿ ತಾಗಿಸತೊಡಗಿದವು. ಅವನು ಎರಡೂ ಕೈ ಬಿಡಿಸಿ ಅವುಗಳಿಗೆ ತೋರಿಸಿದ.

“ನನ್ನ ಹತ್ರ ಏನೂ ಇಲ್ಲರೆವ್ವಾ,” ಅಂದ.

ಅವು ಹೋಗಲಿಲ್ಲ. ಒಂದೊಂದಾಗಿ ಉಸಿರು ತೀರಿ ಮಗ್ಗುಲಾಗುವವರೆಗೆ ಅಲ್ಲೇ, ಅವನ ಕೈಯ ಹತ್ತಿರವೇ ಇದ್ದವು.